ಕುಳಿತೇ ಇದ್ದ ಪಂಡಿತ

ದೇವಶಾಸ್ತ್ರದ ಪರೀಕ್ಷೆಯಲ್ಲಿ ಮೊದಲಿಗಳಾಗಿ ಬಂದ ಶಿಷ್ಯೆಯೊಬ್ಬಳು ಕಾನ್ವೆಂಟಿನ ಮದರ್ ಬಳಿ ಹೋಗಿ ಕೇಳಿದಳು: "ಮದರ್, ಭಾನುವಾರದ ಪೂಜೆಯಲ್ಲಿ ನನ್ನನ್ನು ಅಕ್ಷರ ಬಾರದ ಅಜ್ಜಿಯರ ಜೊತೆ ಕೂರಿಸುತ್ತೀರಿ. ಅವರಿಂದ ನಾನು ಕಲಿಯುವುದು ಏನಿದೆ?"

ಮದರ್ ಮೊದಲು ಅವಳಿಗೆ ನೆಟ್ಟಗೆ ನಿಲ್ಲಲು ಹೇಳಿದರು. ಅನಂತರ ಈ ಕತೆ ಹೇಳಿದರು.

ಒಬ್ಬ ಪಂಡಿತನಿದ್ದ. ನಲವತ್ತು ವರ್ಷ ಬೇರೆ ಧರ್ಮದಲ್ಲಿ ಬಾಳಿದವನು, ಓದಿ ಓದಿ ಕ್ರಿಸ್ತನನ್ನು ನಂಬಿ ಜ್ಞಾನಸ್ನಾನ ಪಡೆದ. ಮೊದಲ ಭಾನುವಾರ ಎಲ್ಲರೂ ಕುಳಿತಾಗ ಅವನು ಎದ್ದು ನಿಂತ. ಎಲ್ಲರೂ ಎದ್ದಾಗ ಮೊಣಕಾಲೂರಿದ. ಮುಂದಿನ ಬೆಂಚಿನಲ್ಲಿ ಪೂಜೆಯ ಬಟ್ಟೆಗಳನ್ನು ಒಗೆಯುವ ಹೆಂಗಸೊಬ್ಬಳಿದ್ದಳು. ಅವಳು ಹಿಂದಕ್ಕೆ ತಿರುಗಿ, "ಪಂಡಿತರೇ, ಪುಸ್ತಕ ಮುಚ್ಚಿ ನನ್ನ ಬೆನ್ನು ನೋಡಿ. ನಾನು ಎದ್ದಾಗ ಏಳಿ" ಎಂದಳು. ಅಂದಿನಿಂದ ಅವನ ಜಾಗ ಅವಳ ಹಿಂದೆ.

ಇಪ್ಪತ್ತು ವರ್ಷಗಳಲ್ಲಿ ಅವನು ದೊಡ್ಡ ದೇವಶಾಸ್ತ್ರಜ್ಞನಾದ. ಚರ್ಚಿನ ಗುರುಗಳೇ ಬಂದು ಅವನಿಂದ ಪಾಠ ಕೇಳಿದರು. ಜಾಗವನ್ನು ಮಾತ್ರ ಅವನು ಬದಲಿಸಲಿಲ್ಲ. ಬಲಿಪೂಜೆಯನ್ನು, ಅಂದರೆ ಈ ಭಾನುವಾರದ ಪೂಜೆಯನ್ನೇ, ಕುರಿತ ಅವನ ಗ್ರಂಥ ಹನ್ನೆರಡು ವರ್ಷಗಳ ದುಡಿಮೆ. ಅದು ಅಚ್ಚಿಗೆ ಹೋಗಲು ಬಿಷಪರ ಒಪ್ಪಿಗೆಯೊಂದೇ ಬಾಕಿ ಇತ್ತು. ಆಗ ಊರಿನ ಹಿರಿಯರು ದೂರು ಬರೆದರು. ಗುರುಗಳು ಪರಮಪ್ರಸಾದದ ರೊಟ್ಟಿಯನ್ನು ಎತ್ತಿ ತೋರಿಸುವಾಗ ಎಲ್ಲರಂತೆ ಪಂಡಿತ ಮೊಣಕಾಲೂರುವುದಿಲ್ಲ, ಗಟ್ಟಿಮುಟ್ಟಾಗಿದ್ದೂ ಬಟ್ಟೆ ಒಗೆಯುವ ಆ ಮುದುಕಿಯ ಹಿಂದೆ ಕುಳಿತೇ ಇರುತ್ತಾನೆ. ಅವನ ತಲೆ ನಮ್ಮ ದೇವಾಲಯದೊಳಗೆ ಬಂದಿದೆ, ಮೊಣಕಾಲು ಇನ್ನೂ ಹೊರಗೇ ಇದೆ ಎಂದರು.

ಬಿಷಪರು ಅವನನ್ನು ಕರೆಸಿದರು. ಮೊಣಕಾಲೂರುವುದರ ಬಗ್ಗೆ ಒಂದು ಅಧ್ಯಾಯವನ್ನೇ ಬರೆದವರು ಹೀಗೆ ಮಾಡಬಹುದೇ ಎಂದು ಕೇಳಿದರು. ತಕ್ಕ ಉತ್ತರ ಬಾರದಿದ್ದರೆ ಗ್ರಂಥ ಹೊರಬರುವುದಿಲ್ಲ ಎಂದೂ ತಿಳಿಸಿದರು.

ಪಂಡಿತ ಹೇಳಿದ: "ಪೂಜ್ಯರೇ, ಆ ತಾಯಿಗೆ ಈಗ ಮೊಣಕಾಲು ಮಡಚಲು ಆಗುವುದಿಲ್ಲ. ತಾನೊಬ್ಬಳೇ ಕುಳಿತಿರುತ್ತೇನೆಂದು ನಾಚಿ ಎರಡು ವಾರ ಪೂಜೆಗೇ ಬರಲಿಲ್ಲ. ನಾನೂ ಕೂರುತ್ತೇನೆ ಬನ್ನಿ ಎಂದು ಮಾತು ಕೊಟ್ಟು ಕರೆತಂದಿದ್ದೇನೆ. ಗ್ರಂಥ ನಿಂತರೆ ನಿಲ್ಲಲಿ."

ಮದರ್ ಕತೆಯನ್ನು ಅಲ್ಲಿಗೇ ನಿಲ್ಲಿಸಿದರು. ಶಿಷ್ಯೆ ತಾಳಲಾರದೆ, ಆ ಗ್ರಂಥಕ್ಕೆ ಒಪ್ಪಿಗೆ ಸಿಕ್ಕಿತೇ ಎಂದು ಕೇಳಿದಳು.

ಮದರ್ ಅವಳ ಓರೆಯಾಗಿದ್ದ ತಲೆವಸ್ತ್ರವನ್ನು ಸರಿಪಡಿಸಿ ಹೇಳಿದರು: "ಸಿಕ್ಕಿತು, ಮಗಳೇ, ಆದರೆ ಆ ತಾಯಿ ಅದರ ಮುಂದಿನ ಭಾನುವಾರವೂ ಪೂಜೆಗೆ ಬಂದಳೇ ಎಂದು ನೀನು ಕೇಳಲಿಲ್ಲ."