ಕೆರೆಗೆ ಹೊರಟ ಆನೆ

ಮಣ್ಣಿನ ಬೊಂಬೆಯನ್ನು ಚೂರುಚೂರೇ ಸರಿಸಿ, ಸರಿಸಿದಾಗೆಲ್ಲ ಫೋಟೊ ಹೊಡೆದು, ಬೊಂಬೆ ನಡೆಯುವ ಸಿನಿಮಾ ಮಾಡುವುದರಲ್ಲಿ ಬಸವನಹುಳು ಮೆಲ್ಲಮ್ಮ ಇಡೀ ಕಾಡಿನಲ್ಲಿ ಹೆಸರಾಗಿದ್ದಳು. ಈ ಸಲ ಬೊಂಬೆ ಬಿಟ್ಟು, ಕಾಗದದ ಮೇಲೆ ಚಿತ್ರ ಬರೆದೇ ಆನೆ ದೊಡ್ಡಕ್ಕನನ್ನು ಕೆರೆಗೆ ನಡೆಸಲು ಹೊರಟಳು. ಹಳೆಯ ಅಭ್ಯಾಸದಂತೆ ಮೊದಲ ಹೆಜ್ಜೆ ಬರೆದಳು, ಅದನ್ನು ನೋಡಿ ಎರಡನೆಯದು, ಅದನ್ನು ನೋಡಿ ಮೂರನೆಯದು. ಚಿತ್ರದಿಂದ ಚಿತ್ರಕ್ಕೆ ಆನೆ ಒಂದಿಷ್ಟು ಕುಗ್ಗುತ್ತ ಹೋಯಿತು.

ಪ್ರದರ್ಶನದ ಮುನ್ನಾದಿನ ಪರದೆ ನೋಡಿದ ದೊಡ್ಡಕ್ಕ ಘೀಳಿಟ್ಟಳು. “ಹೊರಟವಳು ನಾನು, ನೀರು ಕುಡಿದದ್ದು ಯಾವುದೋ ಹಂದಿ! ನಾಳೆ ನನ್ನ ಬೀಗರ ಮುಂದೆಯೂ ಹೀಗೇ ಆದರೆ ನಿನ್ನ ಚಿಪ್ಪಿನ ಮೇಲೆ ಕಾಲಿಡುತ್ತೇನೆ.”

“ನನ್ನ ಬೊಂಬೆ ಒಂದು ದಿನವೂ ಹೀಗೆ ಕುಗ್ಗಿರಲಿಲ್ಲ,” ಎಂದು ಮೆಲ್ಲಮ್ಮ ಅತ್ತಳು.

ಮೇಲೆ ಬಲೆ ನೇಯುತ್ತಿದ್ದ ಜೇಡಜ್ಜಿ ಇಳಿದು ಬಂದಳು. “ಬೊಂಬೆ ತನ್ನ ಮೈಯನ್ನು ತಾನೇ ಹೊತ್ತು ತರುತ್ತದೆ ಕಣೇ. ಕಾಗದದ ಆನೆಗೆ ಪ್ರತಿ ಸಲವೂ ನೀನೇ ಮೈ ಕೊಡಬೇಕು. ನನ್ನನ್ನು ನೋಡು, ಮೊದಲು ಈ ಕೊಂಬೆಯಿಂದ ಆ ಕೊಂಬೆಗೆ ಎಳೆ ಬಿಗಿಯುತ್ತೇನೆ, ನಡುವನ್ನು ಆಮೇಲೆ ತುಂಬುತ್ತೇನೆ. ನೀನೂ ಹೊರಟ ಆನೆಯನ್ನೂ ಕೆರೆ ಮುಟ್ಟಿದ ಆನೆಯನ್ನೂ ಮೊದಲೇ ಬರೆದಿಟ್ಟುಕೋ. ಎರಡನ್ನೂ ನೋಡಿಕೊಂಡು ನಡುವಿನ ಹೆಜ್ಜೆಗಳನ್ನು ತುಂಬು.”

ಮರುದಿನ ಹೊರಟ ಆನೆಯೇ ಕೆರೆ ಮುಟ್ಟಿತು. ದೊಡ್ಡಕ್ಕ ಬೀಗರ ಕಡೆ ತಿರುಗಿ ಸೊಂಡಿಲೆತ್ತಿದಳು. ಆದರೆ ನೆಂಟರಿಷ್ಟರನ್ನೆಲ್ಲ ಕರೆತಂದು ಹಿಂದಿನ ಸಾಲಿನಲ್ಲಿ ಕೂತಿದ್ದ ಹಂದಿ ಎದ್ದು ನಿಂತಿತು.

“ಮೆಲ್ಲಮ್ಮನವರೇ, ನಿನ್ನೆ ಇದ್ದ ನನ್ನ ಪಾರ್ಟು ಎಲ್ಲಿ?”