ಡಬ್ಬಿ ತಣ್ಣಗಾಗುವವರೆಗೆ

ನಾಲ್ಕು ಗಂಟೆಗೆ ನೀಲಕ್ಕನ ಗಂಟಲಿಗೆ ಆಪರೇಷನ್. ಆಮೇಲೆ ಮಾತೂ ಇಲ್ಲ, ಹಾಡೂ ಇಲ್ಲ ಎಂದು ಡಾಕ್ಟರು ಹೇಳಿಬಿಟ್ಟಿದ್ದರು.

ಅದಕ್ಕೆ ಮುಂಚೆ ಒಂದೇ ಒಂದು ಸಲ, ಫೋನಿನಲ್ಲಾದರೂ, ಹಾಡು ಕಲಿಸಿದ ಗುರುಗಳ ಕಿವಿಗೆ ಹಾಡಬೇಕು ಎಂದು ಅವಳು ಆಸ್ಪತ್ರೆಯಿಂದ ಹೇಳಿಕಳಿಸಿದ್ದಳು.

ಹನ್ನೊಂದು ವರ್ಷದ ಹಿಂದೆ ಅವಳು ಹೊಳೆದಂಡೆಯ ಈ ಆಶ್ರಮ ಬಿಟ್ಟು ನಾಟಕ ಕಂಪನಿ ಸೇರಿದ್ದಳು. ಆ ದಿನ ಗುರುಗಳು, “ಇನ್ನ ನಿನ್ನ ದನಿ ನನ್ನ ಕಿವೀಗೆ ಬೀಳಬಾರದು” ಎಂದಿದ್ದರು. ಅವಳ ಕಾಗದಗಳನ್ನು ಒಡೆಯದೆ ಗೂಡಿನಲ್ಲಿಡುತ್ತ ಬಂದಿದ್ದರು.

ಈ ಸಲ ಮಾತ್ರ, ಸೊಂಟ ಮುರಿದು ಮಲಗಿದಲ್ಲಿಂದಲೇ ಶಿಷ್ಯ ಚನ್ನವೀರನಿಗೆ, “ಜೋಡಸಾಕ ಬಂದ್ರ ಜೋಡಸು” ಎಂದರು.

ಹೊಳೆದಂಡೆಯಲ್ಲಿ ಮೊಬೈಲಿಗೆ ಸಿಗ್ನಲ್ ಇಲ್ಲ. ಮೆಟ್ಟಿಲ ಮೇಲಿನ ಕಚೇರಿಗೆ ಒಂದು ಕೇಬಲ್ ಬರುತ್ತಿತ್ತು. ಅದು ಮೋಡೆಮ್ ಎಂಬ ಡಬ್ಬಿಗೆ, ಡಬ್ಬಿಯಿಂದ ಒಂದು ವೈರು ಹಳೇ ಕಂಪ್ಯೂಟರಿಗೆ. ಆ ವೈರು ಕಿತ್ತು ಹೊಸ ರೌಟರಿಗೆ ಸಿಕ್ಕಿಸಿದರೆ ಗುರುಗಳ ಹಾಸಿಗೆಯವರೆಗೂ ವೈಫೈ ಬರಬೇಕು. ಚಿಟಿಕೆ ಹೊಡೆಯುವಷ್ಟರಲ್ಲಿ ಆಗುವ ಕೆಲಸ ಎಂದುಕೊಂಡಿದ್ದ ಚನ್ನವೀರ.

ಮೂರೂವರೆಯಾದರೂ ರೌಟರಿನ ಕೆಂಪು ದೀಪ ಹಸಿರಾಗಲಿಲ್ಲ. ಏದುಸಿರು ಬಿಡುತ್ತ ಕೆಳಗೆ ಗುರುಗಳ ಬಳಿ ಬಂದ.

“ಅಜ್ಜಾರ, ಒಲ್ಲೆ ಅನ್ನಾಕತ್ತೈತ್ರಿ.”

“ಯಾಕಂತ?”

“ಮೋಡೆಮ್ಮು ಮದಲ ಜೋಡಿಸಿದ್ದನ್ನ ನೆನಪಿಟ್ಟಿರತೈತಂತ, ರೌಟರ್ ಜೋಡಿ ಬಂದ ಚೀಟ್ಯಾಗ ಬರದಾರ. ಹಳೇ ಕಂಪ್ಯೂಟರಿನ ಗುರುತು ಬಿಡವಲ್ದು. ಹೊಸದನ್ನ ಕಣ್ಣೆತ್ತಿ ನೋಡವಲ್ದು.”

“ಬಿಡಸೂದು ಹ್ಯಾಂಗ?”

“ಕರೆಂಟ್ ತಗದು ಸ್ವಲ್ಪ ಹೊತ್ತು ಬಿಡಬೇಕಂತ್ರಿ.”

“ಬಿಟ್ಟಿ?”

“ಹತ್ತು ಸಲ ತಗದು ಹಾಕೀನ್ರಿ!”

“ತಗದು ಹಾಕಿದ್ದು ಕೇಳಲಿಲ್ಲಪಾ. ಬಿಟ್ಟಿ ಏನು?”

ಚನ್ನವೀರ ಬಿಟ್ಟಿರಲಿಲ್ಲ. ಕಿತ್ತ ಕೈ ಹಿಂದೆಗೆಯುವ ಮೊದಲೇ ಮತ್ತೆ ಸಿಕ್ಕಿಸಿದ್ದ.

“ಕಿತ್ತು ಇಲ್ಲಿ ತಾ.”

ತಂದ. ಗುರುಗಳು ಡಬ್ಬಿಯನ್ನು ಎದೆಯ ಮೇಲಿಟ್ಟುಕೊಂಡು ಎರಡೂ ಕೈಯಿಂದ ಹಿಡಿದರು. ಅದು ಬೆಚ್ಚಗಿತ್ತು.

ಗೋಡೆಯ ಗಡಿಯಾರದಲ್ಲಿ ಮೂರು ನಲವತ್ತು. ಎರಡು ನಿಮಿಷ ಕಳೆಯಿತು. ಐದಾಯಿತು.

“ಸಾಕ್ರಿ ಅಜ್ಜಾರ, ಕೊಡ್ರಿ.”

“ಇನ್ನಾ ಬಿಸಿ ಐತಿ.”

ಏಳಾಯಿತು. ಚನ್ನವೀರನಿಗೆ ಸಂಶಯ ಹೊಕ್ಕಿತು. ಬೇಕಂತಲೇ ಹೊತ್ತು ಕಳೆಯುತ್ತಿದ್ದಾರೆಯೇ? ಅಲ್ಲಿ ಅವಳು ಫೋನು ಹಿಡಿದು ಕೂತಿದ್ದಾಳೆ. ಆಶ್ರಮ ಸೇರಿದ ಆರು ವರ್ಷದಲ್ಲಿ ಒಮ್ಮೆಯೂ ಎದುರಾಡದವನಿಗೆ ಈಗ ತಡೆಯಲಾಗಲಿಲ್ಲ.

“ಆಕಿ ದನಿ ಬ್ಯಾಡಾಗಿದ್ರ ಬ್ಯಾಡ ಅಂದುಬಿಡ್ರಿ. ಹಿಂಗ ಡಬ್ಬಿ ಅವಚಿಕೊಂಡು ಆಕೀನ್ನ ಕಾಯಸಬ್ಯಾಡ್ರಿ!”

ಅಂದ ಮೇಲೆ ಅವನಿಗೇ ಭಯವಾಯಿತು. ಗುರುಗಳು ಸಿಟ್ಟಾಗಲಿಲ್ಲ. ಅವರ ಕಣ್ಣು ತೇವವಾಗಿತ್ತು.

“ಇದಕ್ಕ ಮರಿಯಾಕ ಎಷ್ಟೊತ್ತು ಬೇಕಂತ ಬರದಾರ?”

“ಎರಡು ನಿಮಿಷ ಸಾಕಂತ್ರಿ.”

“ಶಾಣ್ಯಾ ಡಬ್ಬಿ” ಎಂದು ಅದನ್ನು ಅವನ ಕೈಗಿಟ್ಟರು. ತಣ್ಣಗಾಗಿತ್ತು.

ಓಡಿದ. ಮೊದಲು ಕೇಬಲ್, ಆಮೇಲೆ ರೌಟರಿಗೆ ಹೋಗುವ ವೈರು, ಆಮೇಲೆ ಮೋಡೆಮ್ಮಿಗೆ ಕರೆಂಟು. ದೀಪಗಳ ಮಿಣಮಿಣ ನಿಲ್ಲುವವರೆಗೆ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಿಂತ. ಈ ಸಲ ಮುಟ್ಟಲಿಲ್ಲ. ಕೊನೆಗೆ ರೌಟರಿನ ಗುಂಡಿ ಒತ್ತಿದ.

ಕೆಂಪು. ಕೆಂಪು. ಹಸಿರು.

ಮೂರು ಐವತ್ತಾರಕ್ಕೆ ಹಾಸಿಗೆಯ ಪಕ್ಕ ಮಂಡಿಯೂರಿ ಕರೆ ಹಚ್ಚಿ, ಫೋನನ್ನು ಗುರುಗಳ ಕಿವಿಯ ಹತ್ತಿರ ಹಿಡಿದ. ಆ ಕಡೆ ಯಾರೋ “ಹೊತ್ತಾಯ್ತಮ್ಮ, ಹೊರಡೋಣ” ಎನ್ನುತ್ತಿದ್ದರು.

“ಅಜ್ಜಾರ, ನಾನ್ರೀ...” ಆಶ್ರಮದಲ್ಲೇ ಎಲ್ಲಕ್ಕಿಂತ ಇಂಪು ಎನಿಸಿಕೊಂಡಿದ್ದ ಆ ದನಿ ಈಗ ಹರಿದ ಬಟ್ಟೆಯಾಗಿತ್ತು. “ದನಿ ಪೂರಾ ಕೆಟ್ಟೈತ್ರಿ. ನನ್ನ ಗುರುತು ಸಿಗತೈತೇನ್ರಿ?”

ಗುರುಗಳು ಫೋನನ್ನು ಕಿವಿಗೆ ಒತ್ತಿಕೊಂಡರು.

“ಹಳೇ ಗುರುತು ಈಗಷ್ಟ ಬಿಟ್ಟೀನವ್ವಾ. ನೀ ಹಾಡು, ಹೊಸದಾಗಿ ಹಿಡಕೋತೀನಿ.”