ಮೂರನೇ ಪಿನ್ನು

ಆಂಪ್ಲಿಫೈಯರಿನ ಹೊಟ್ಟೆಯಲ್ಲಿ ಕೂತಿದ್ದ ಟ್ರಾನ್ಸ್‌ಫಾರ್ಮರಿಗೆ ಮೂಗಿನ ತುದಿಯಲ್ಲೇ ಕೋಪ. ತನಗೆ ಕರೆಂಟು ಕೊಡುವ ಎಕ್ಸ್‌ಟೆನ್ಷನ್ ಬೋರ್ಡಿನ ಪ್ಲಗ್ಗಿನಲ್ಲಿದ್ದ ದಪ್ಪನೆಯ ಅರ್ಥಿಂಗ್ ಪಿನ್ನನ್ನು ಕಂಡರಂತೂ ಅದಕ್ಕೆ ಆಗುತ್ತಿರಲಿಲ್ಲ. “ಪಕ್ಕದ ಪಿನ್ನುಗಳಿಬ್ಬರು ಕರೆಂಟು ಹೊತ್ತು ಸಾಯುತ್ತಾರೆ, ಈ ದಂಡಪಿಂಡ ಸುಮ್ಮನೆ ಕೂತಿರುತ್ತದೆ!” ಗೋಡೆಯ ಸಾಕೆಟ್ಟಿನಲ್ಲಿ ಎರಡೇ ತೂತುಗಳಿವೆಯೆಂದು ಯಜಮಾನ ಆ ಪಿನ್ನನ್ನು ಮುರಿದು ಬಿಸಾಡಿದಾಗ, “ಪೀಡೆ ತೊಲಗಿತು” ಎಂದಿತು.

ಅಂದಿನಿಂದ ಪ್ರತಿ ಹಾಡಿನ ಹಿಂದೆ ಗುಂಯ್ ಎಂಬ ಸದ್ದು. “ಬಾಯಿ ಮುಚ್ಚೋ!” ಎಂದು ಸ್ಪೀಕರುಗಳು ಟ್ರಾನ್ಸ್‌ಫಾರ್ಮರಿಗೇ ಉಗಿದವು. ಯಜಮಾನ ಕರೆಂಟು ಸೋಸುವ ದುಬಾರಿ ಪೆಟ್ಟಿಗೆಯೊಂದನ್ನು ತಂದು ಅದೇ ಬೋರ್ಡಿಗೆ ಸಿಕ್ಕಿಸಿದ. ಸದ್ದು ಹೋಗಲಿಲ್ಲ, ಆಂಪ್ಲಿಫೈಯರನ್ನು ಮುಟ್ಟಿದರೆ ಕೈ ಬೇರೆ ಜುಮ್ಮೆನ್ನತೊಡಗಿತು.

ಟ್ರಾನ್ಸ್‌ಫಾರ್ಮರ್ ಕೆಂಡವಾಯಿತು. “ಕೊಳೆ ತೆಗೆಯಲು ಬಂದವನು ನನ್ನ ಮೈಮೇಲೆ ಯಾಕೆ ಸುರಿಯುತ್ತೀಯ?”

“ಮತ್ತೆಲ್ಲಿ ಸುರಿಯಲಿ?” ಪೆಟ್ಟಿಗೆಯೂ ಗುಡುಗಿತು. “ಸೋಸಿದ್ದನ್ನು ಮಣ್ಣಿಗೆ ಹರಿಸುವುದು ಆ ಮೂರನೇ ಪಿನ್ನಿನ ಕೆಲಸ. ಅದನ್ನೇ ಮುರಿದಿದ್ದೀರಿ. ಬಚ್ಚಲ ತೂತು ಮುಚ್ಚಿ, ಮನೆ ತೊಳೆ ಅಂತ ನನ್ನನ್ನು ಕರೆದಿರಿ. ಈಗ ಕೊಳಕು ನೀರು ಕಾಲಿಗೆ ಬಂತೆಂದು ಬೈಯುತ್ತೀರಾ?”

ಟ್ರಾನ್ಸ್‌ಫಾರ್ಮರಿಗೆ ಮೊದಲ ಬಾರಿ ಬಾಯಿ ಮುಚ್ಚಬೇಕೆನಿಸಿತು. ಆಗಲಿಲ್ಲ, ಗುಂಯ್‌ಗುಡುತ್ತಲೇ ಇತ್ತು.